ಕೂಲೆಂಟ್ ಯಾಕೆ ಮಸುಕಾಯಿತು?

ಪ್ರಶ್ನೆ: ಬೆಂಗಳೂರಿನ ಮಾರೇನಹಳ್ಳಿಯ ಮನೆಯಲ್ಲಿ ನಾನೇ ಜೋಡಿಸಿದ ಕಂಪ್ಯೂಟರಿನ ವಾಟರ್ ಕೂಲಿಂಗ್ ದ್ರವ ಎಂಟು ತಿಂಗಳಲ್ಲೇ ಮಜ್ಜಿಗೆ ನೀರಿನಂತಾಗಿದೆ. ಕೂಲೆಂಟ್ ಕಡಿಮೆಯಾದಾಗ ಬೋರ್‌ವೆಲ್ ನೀರು ಸೇರಿಸಿದ್ದೆ. ಏನು ಮಾಡಲಿ?

ಉತ್ತರ: ಮೊದಲ ಅನುಮಾನ ಆ ನೀರಿನ ಮೇಲೆಯೇ. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು. ನಿಮ್ಮ ಮನೆಯ ಗೀಸರ್‌ ಕಾಯಿಲ್‌ಗೆ ಕಟ್ಟುವ ಬಿಳಿ ಪದರವೇ ಸಾಕ್ಷಿ. ನಲ್ಲಿಯ ಕಾವೇರಿ ನೀರೂ ವಾಟರ್ ಕೂಲಿಂಗ್‌ಗೆ ಸಲ್ಲದು. ಲವಣಗಳು ಕೂಲೆಂಟ್‌ನಲ್ಲಿರುವ ತುಕ್ಕುನಿರೋಧಕವನ್ನು ಕೆಡಿಸುತ್ತವೆ.

ಆದರೂ ಪರೀಕ್ಷಿಸದೆ ತೀರ್ಮಾನಿಸಬೇಡಿ. ಒಂದು ಲೋಟ ದ್ರವವನ್ನು ಗಾಜಿನ ಬಾಟಲಿಯಲ್ಲಿ ಒಂದು ದಿನ ಅಲುಗಾಡಿಸದೆ ಇಡಿ. ತಳದಲ್ಲಿ ಪುಡಿ ಕೂತರೆ ಲವಣ, ತುಕ್ಕು ಅಥವಾ ತೊಳೆಯದ ರೇಡಿಯೇಟರಿನ ಬೆಸುಗೆಯ ಕಸ. ಲೋಳೆ, ವಾಸನೆ ಇದ್ದರೆ ಪಾಚಿ, ಬ್ಯಾಕ್ಟೀರಿಯಾ. ಮೆತ್ತನೆಯ ಪಾರದರ್ಶಕ ಪಿವಿಸಿ ಕೊಳವೆಯ ಒಳಗೋಡೆಯೇ ಮಸುಕಾಗಿ, ಪ್ರೊಸೆಸರ್ ಮೇಲೆ ಕೂರುವ ಬ್ಲಾಕ್‌ನಲ್ಲಿ ಅಂಟಂಟು ಬಿಳಿ ಪದರವಿದ್ದರೆ, ಕೊಳವೆಯನ್ನು ಮೃದುವಾಗಿಡುವ ರಾಸಾಯನಿಕ ಹೊರಬರುತ್ತಿದೆ ಎಂದರ್ಥ. ಆಗ ಇಪಿಡಿಎಂ ರಬ್ಬರ್ ಕೊಳವೆ ಹಾಕಿಸಿ. ತಾಮ್ರದ ಬ್ಲಾಕ್‌ ಜೊತೆ ಅಲ್ಯೂಮಿನಿಯಂ ರೇಡಿಯೇಟರ್ ಇದೆಯೇ, ಅದನ್ನೂ ನೋಡಿ. ಇದ್ದರೆ ಅಲ್ಯೂಮಿನಿಯಂ ಸವೆಯುತ್ತಲೇ ಹೋಗುತ್ತದೆ, ರೇಡಿಯೇಟರ್ ಬದಲಿಸಲೇಬೇಕು.

ಕಾರಣ ಯಾವುದೇ ಇರಲಿ, ಮೇಲಿಂದ ಹೊಸ ಕೂಲೆಂಟ್ ಸುರಿಯುವುದು ಪರಿಹಾರವಲ್ಲ. ಪವರ್ ತೆಗೆದು ಪೂರ್ತಿ ಬಸಿದು, ಬ್ಲಾಕ್ ಬಿಚ್ಚಿ, ಕೂದಲೆಳೆಯಷ್ಟು ಸಣ್ಣ ಸಂದುಗಳನ್ನು ಮೃದು ಬ್ರಷ್‌ನಿಂದ ಉಜ್ಜಿ. ಬಸಿದ ನೀರು ತಿಳಿಯಾಗುವವರೆಗೂ ಡಿಸ್ಟಿಲ್ಡ್ ವಾಟರ್‌ನಿಂದ ತೊಳೆಯಿರಿ. ಒಂದೇ ಕಂಪನಿಯ ಕೂಲೆಂಟ್ ತುಂಬಿ, ಬೇರೆಯದನ್ನು ಬೆರೆಸಬೇಡಿ. ಪಂಪಿಗೆ ಮಾತ್ರ ಪವರ್ ಕೊಟ್ಟು ಒಂದು ದಿನ ಸೋರಿಕೆ ನೋಡಿದ ಮೇಲೆಯೇ ಕಂಪ್ಯೂಟರ್ ಆನ್ ಮಾಡಿ.