ನಾಗಪುರದ ಹೊಲಕ್ಕೆ ಎಂಥ ಕೋಸು? ರೋಗ ತಡೆಯುವ ತಳಿಯ ಆಯ್ಕೆ ಮತ್ತು ಪಾಲನೆ

ಎಲೆಕೋಸು, ಹೂಕೋಸು, ನವಿಲುಕೋಸು, ಸಾಸಿವೆ, ಮೂಲಂಗಿಗಳೆಲ್ಲ ಒಂದೇ ಸಸ್ಯಕುಟುಂಬದವಾದ್ದರಿಂದ ಇವುಗಳಿಗೆ ತಗುಲುವ ರೋಗ, ಕೀಟಗಳಲ್ಲಿ ಹೆಚ್ಚಿನವು ಸಮಾನವೇ. ಆದರೆ ಯಾವ ರೋಗ ಎಲ್ಲಿ ಬಲಿಯುತ್ತದೆ ಎಂಬುದನ್ನು ಮಣ್ಣು ಮತ್ತು ಹವೆ ನಿರ್ಧರಿಸುತ್ತವೆ. ಆದ್ದರಿಂದ ನಾಗಪುರದ ಸುತ್ತಮುತ್ತ ಕೋಸು ಬೆಳೆಯುವವರು ಬೀಜ ಕೊಳ್ಳುವ ಮುನ್ನ ತಮ್ಮ ಹೊಲದ ಶತ್ರು ಯಾವುದೆಂದು ತಿಳಿದುಕೊಳ್ಳಬೇಕು. ಉದಾಹರಣೆಗೆ, ಬೇರುಗಳು ಗಂಟುಗಂಟಾಗಿ ಊದಿಕೊಳ್ಳುವ ಕ್ಲಬ್‌ರೂಟ್ ರೋಗವು ನೀಲಗಿರಿ, ಡಾರ್ಜಿಲಿಂಗ್‌ಗಳಂಥ ತಂಪಾದ, ಆಮ್ಲೀಯ ಮಣ್ಣಿನ ಪ್ರದೇಶಗಳ ಪಿಡುಗು. ವಿದರ್ಭದ ಕಪ್ಪು ಮಣ್ಣು ಸಾಮಾನ್ಯವಾಗಿ ಕ್ಷಾರೀಯವಾಗಿರುವುದರಿಂದ ಅದನ್ನು ತಡೆಯುವ ತಳಿಗೆ ಇಲ್ಲಿ ಹೆಚ್ಚು ಹಣ ತೆರುವುದು ವ್ಯರ್ಥ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಕಪ್ಪು ಕೊಳೆ ರೋಗ, ಅಂದರೆ ಮರಾಠಿ ರೈತರು ‘ಘಾಣ್ಯಾ’ ಎಂದು ಕರೆಯುವ ರೋಗ. ಇದು ಜಾಂಥೊಮೊನಾಸ್ ಎಂಬ ದುಂಡಾಣುವಿನಿಂದ ಬರುತ್ತದೆ. ಬೆಳಗಿನ ಹೊತ್ತು ಎಲೆಯ ಅಂಚಿನ ಸೂಕ್ಷ್ಮ ರಂಧ್ರಗಳಿಂದ ಒಸರುವ ನೀರಹನಿಗಳ ಮೂಲಕವೇ ದುಂಡಾಣು ಒಳಸೇರುವುದರಿಂದ, ಅಂಚಿನಲ್ಲಿ ಅಗಲವಾಗಿ ಆರಂಭವಾಗಿ ನಡುನರದತ್ತ ಚೂಪಾಗುತ್ತ ಸಾಗುವ ಹಳದಿ ಮಚ್ಚೆ ಕಾಣಿಸುತ್ತದೆ; ಅದರೊಳಗಿನ ನರಗಳು ಕಪ್ಪಾಗುತ್ತವೆ, ಕಾಂಡವನ್ನು ಅಡ್ಡವಾಗಿ ಕತ್ತರಿಸಿದರೆ ಕಪ್ಪು ಉಂಗುರ ಎದ್ದು ತೋರುತ್ತದೆ.

ಶತ್ರುವನ್ನು ಗುರುತಿಸುವುದು ಮೊದಲ ಹೆಜ್ಜೆಯಾದರೆ, ತಳಿಯ ಆಯ್ಕೆ ಎರಡನೆಯ ಹೆಜ್ಜೆ. ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕಟ್ರಾಯಿನ್ ಕೇಂದ್ರದಲ್ಲಿ ರೂಪುಗೊಂಡ ಪೂಸಾ ಮುಕ್ತಾ ಎಲೆಕೋಸು ಕಪ್ಪು ಕೊಳೆಗೆ ನಿರೋಧಕವಾಗಿದ್ದು, ಹೂಕೋಸಿನಲ್ಲಿ ಪೂಸಾ ಶುಭ್ರಾ ಅದೇ ಗುಣವನ್ನು ಹೊಂದಿದೆ. ಪೂಸಾ ಸ್ನೋಬಾಲ್ ಕೆ-1 ಸಹಿಷ್ಣು ತಳಿ. ನಿರೋಧಕತೆ ಎಂದರೆ ರೋಗಾಣುವಿನ ಬೆಳವಣಿಗೆಯನ್ನೇ ಗಿಡವು ತಡೆಯುವುದು, ಸಹಿಷ್ಣುತೆ ಎಂದರೆ ರೋಗ ತಗುಲಿದರೂ ಇಳುವರಿ ಅಷ್ಟಾಗಿ ಕುಸಿಯದಿರುವುದು. ಜನಪ್ರಿಯವಾದ ಗೋಲ್ಡನ್ ಏಕರ್ ತಳಿಯಲ್ಲಿ ಈ ರಕ್ಷಣೆಯಿಲ್ಲ. ಬೀಜದ ಪೊಟ್ಟಣದ ಮೇಲೆ ‘ರೋಗನಿರೋಧಕ’ ಎಂದಷ್ಟೇ ಬರೆದಿದ್ದರೆ ಅದನ್ನು ನಂಬಬಾರದು. ಯಾವ ರೋಗಕ್ಕೆ ಎಂಬ ಉತ್ತರ ಅಂಗಡಿಯಲ್ಲಿ ದೊರೆಯದಿದ್ದರೆ ಬೇರೆ ಬೀಜ ಹುಡುಕುವುದೇ ಲೇಸು.

ಬಿಸಿಲಿನ ಪ್ರಶ್ನೆಯೂ ಇದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲೆಕೋಸಿನ ಫ್ಯುಸೇರಿಯಂ ಹಳದಿ ರೋಗದ ಕುರಿತು ಜೆ. ಸಿ. ವಾಕರ್ ನಡೆಸಿದ ಅಧ್ಯಯನಗಳಲ್ಲಿ, ಒಂದೇ ಪ್ರಬಲ ವಂಶವಾಹಿಯಿಂದ ಬಂದ ನಿರೋಧಕತೆ ಮಣ್ಣು ಬಿಸಿಯಾದಾಗಲೂ ಉಳಿಯಿತಾದರೆ, ಹಲವು ವಂಶವಾಹಿಗಳಿಂದ ಬಂದದ್ದು ಮಣ್ಣಿನ ಉಷ್ಣತೆ ಸುಮಾರು 24 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಕುಸಿಯಿತು. ತಂಪುನಾಡಿನ ತಳಿಯ ರಕ್ಷಣೆ ನಾಗಪುರದ ಬಿಸಿಲಿನಲ್ಲಿ ಹಾಗೆಯೇ ನಿಲ್ಲುತ್ತದೆ ಎಂದು ಭಾವಿಸದೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಸಿಮಡಿ ಮಾಡಿ ಚಳಿಗಾಲದೊಳಗೆ ಬೆಳೆ ಮುಗಿಸುವುದು ಕ್ಷೇಮಕರ.

ಮೂರನೆಯ ಹೆಜ್ಜೆ ಬೀಜೋಪಚಾರ. ಕಪ್ಪು ಕೊಳೆ ಬೀಜದಿಂದಲೂ ಹರಡುವುದರಿಂದ, ಉಪಚರಿಸದ ಬೀಜವನ್ನು ತೆಳುಬಟ್ಟೆಯಲ್ಲಿ ಕಟ್ಟಿ 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಎಲೆಕೋಸಿಗಾದರೆ 25 ನಿಮಿಷ, ಹೂಕೋಸಿಗಾದರೆ 20 ನಿಮಿಷ ಇರಿಸಿ, ಕೂಡಲೇ ತಣ್ಣೀರಿಗೆ ಹಾಕಿ ನೆರಳಿನಲ್ಲಿ ಒಣಗಿಸಬೇಕು. ಉಷ್ಣಮಾಪಕವಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು; ಹಳೆಯ ಬೀಜಕ್ಕೂ, ಕಂಪನಿಯವರು ಔಷಧ ಲೇಪಿಸಿದ ಬೀಜಕ್ಕೂ ಇದು ಹೊಂದುವುದಿಲ್ಲ. ಕೋಸು ಬೆಳೆದ ಮಡಿಯಲ್ಲಿ ಕನಿಷ್ಠ ಎರಡು ವರ್ಷ ಸಾಸಿವೆ, ಮೂಲಂಗಿಗಳನ್ನೂ ಬೆಳೆಯದಿರುವುದು, ತುಂತುರು ನೀರಾವರಿಯ ಬದಲು ಹನಿ ನೀರಾವರಿ ಬಳಸುವುದು ಇದಕ್ಕೆ ಪೂರಕ.

ಕೀಟದ ವಿಷಯದಲ್ಲಿ ತಳಿಯ ಮೇಲೆ ಭರವಸೆ ಇಡುವಂತಿಲ್ಲ. ವಜ್ರ ಬೆನ್ನಿನ ಪತಂಗದ ಹಸಿರು ಹುಳು ಎಲೆಯ ತೆಳುಪೊರೆಯನ್ನಷ್ಟೇ ಉಳಿಸಿ ಉಳಿದದ್ದನ್ನು ಕೆರೆದು ತಿನ್ನುತ್ತದೆ, ಮುಟ್ಟಿದರೆ ನೂಲಿನಲ್ಲಿ ಜೋತುಬೀಳುತ್ತದೆ. ಇದನ್ನು ದೃಢವಾಗಿ ತಡೆಯುವ ಕೋಸಿನ ತಳಿ ಮಾರುಕಟ್ಟೆಯಲ್ಲಿಲ್ಲ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ತೋರಿಸಿಕೊಟ್ಟ ದಾರಿಯೇ ಇಲ್ಲಿ ಉತ್ತಮ: ಪ್ರತಿ 25 ಸಾಲು ಕೋಸಿಗೆ ಜೋಡಿ ಸಾಲು ಸಾಸಿವೆಯಿರಬೇಕು, ಅದರಲ್ಲಿ ಒಂದು ಸಾಲನ್ನು ನಾಟಿಗೆ 15 ದಿನ ಮುಂಚೆ, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತಬೇಕು. ಪತಂಗವು ಮೊಟ್ಟೆಯಿಡಲು ಸಾಸಿವೆಯನ್ನೇ ಹೆಚ್ಚು ಆರಿಸಿಕೊಳ್ಳುವುದರಿಂದ ಹುಳುಗಳನ್ನು ಅಲ್ಲಿಯೇ ನಾಶಪಡಿಸಿ, ಕೋಸಿಗೆ ಅಗತ್ಯಬಿದ್ದಾಗ ಮಾತ್ರ ಶೇ. 4ರ ಬೇವಿನ ಬೀಜದ ಕಷಾಯ ಸಿಂಪಡಿಸಿದರೆ ಸಾಕಾಗುತ್ತದೆ.

ಒಂದೇ ಕೀಟನಾಶಕವನ್ನು ಮೇಲಿಂದ ಮೇಲೆ ಹೊಡೆಯುವುದು ಅಪಾಯಕರ. ಈ ಪತಂಗವು 1953ರಷ್ಟು ಹಿಂದೆಯೇ ಜಾವಾದಲ್ಲಿ ಡಿಡಿಟಿಯನ್ನು ಮೀರಿತ್ತು, 1990ರ ವೇಳೆಗೆ ಹವಾಯಿಯಲ್ಲಿ ಬಿಟಿ ಸಿಂಪಡಣೆಯನ್ನೂ ಮೀರಿತ್ತು. 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿಗೆ ಗುಲಾಬಿ ಕಾಯಿಕೊರಕ ಒಗ್ಗಿಕೊಂಡದ್ದನ್ನು ಕಣ್ಣಾರೆ ಕಂಡಿರುವ ವಿದರ್ಭದ ರೈತರು, ಕೋಸಿನ ಹೊಲದಲ್ಲಿ ಔಷಧವನ್ನು ಬದಲಿಸುತ್ತ ಬಳಸುವುದನ್ನೂ ಸಾಸಿವೆಯ ಸಾಲನ್ನು ಬಿಡದೆ ಬಿತ್ತುವುದನ್ನೂ ಈ ಹಂಗಾಮಿನಿಂದಲೇ ಆರಂಭಿಸಬೇಕು.