ಹುಲ್ಲು ಹಿಡಿದ ಉಸುಕು

ಉಸುಕು ಎಂದೊಡನೆ ಕನ್ನಡ ನಾಡಿನ ವಾಚಕರಿಗೆ ನೆನಪಾಗುವುದು ಹೊಳೆಯ ದಂಡೆ, ಇಲ್ಲವೆ ಕಾವೇರಿಯ ಮಗ್ಗುಲಲ್ಲಿ ಗುಡಿಗಳನ್ನು ಹೂತುಹಾಕಿದ ತಲಕಾಡಿನ ದಿಬ್ಬಗಳು. ಗಾಳಿ ಹೊತ್ತು ತಂದ ಉಸುಕು ಬೆಳೆಗೂ ಬದುಕಿಗೂ ಹಗೆಯೆಂಬ ಭಾವನೆ ಸಹಜವಾಗಿಯೇ ಬಲಿದಿದೆ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ನಡುಬಯಲಿನಲ್ಲಿರುವ ನೆಬ್ರಾಸ್ಕಾದಲ್ಲಿ ಅಂಥದೇ ಉಸುಕು ಸುಮಾರು 50,000 ಚದರ ಕಿಲೋಮೀಟರು ಹರಡಿಕೊಂಡು ಲಕ್ಷಾಂತರ ದನಗಳನ್ನು ಸಾಕುತ್ತಿದೆ. ಕರ್ನಾಟಕದ ಕಾಲುಭಾಗಕ್ಕೂ ಮಿಗಿಲಾದ ವಿಸ್ತಾರವದು. ಪಶ್ಚಿಮ ಗೋಲಾರ್ಧದಲ್ಲಿ ಇದಕ್ಕಿಂತ ದೊಡ್ಡದಾದ ಮರಳುದಿಬ್ಬಗಳ ನಾಡು ಬೇರೊಂದಿಲ್ಲ. ಕೆಲವು ದಿಬ್ಬಗಳು 120 ಮೀಟರುಗಳಷ್ಟು ಎತ್ತರವಾಗಿವೆ. ಆದರೂ ಅಲ್ಲಿಗೆ ಹೋದವರಿಗೆ ಉಸುಕು ಕಾಣುವುದು ಅಪರೂಪ. ದಿಗಂತದವರೆಗೆ ಕಾಣುವುದು ಹುಲ್ಲು.

ಕಣದಲ್ಲಿ ರಾಶಿ ತೂರುವುದನ್ನು ಬಲ್ಲವರಿಗೆ ಈ ಮಣ್ಣಿನ ಹುಟ್ಟನ್ನು ತಿಳಿಯುವುದು ಕಠಿಣವಲ್ಲ. ತೂರುವಾಗ ಕಾಳು ಕಾಲ ಬಳಿಯಲ್ಲಿ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಪ್ರಾಚೀನ ನದಿಗಳ ಮೆಕ್ಕಲನ್ನೂ ಸಡಿಲವಾದ ಮರಳುಗಲ್ಲಿನ ಪುಡಿಯನ್ನೂ ಗಾಳಿ ಹೀಗೆಯೇ ತೂರಿತು. ದಪ್ಪ ಹರಳುಗಳು ಕದಲಲಿಲ್ಲ. ನಡುಗಾತ್ರದ ಕಣಗಳು ನೆಲದ ಮೇಲೆ ಕುಪ್ಪಳಿಸುತ್ತ ಸಾಗಿ ದಿಬ್ಬಗಳಾದವು. ನುಣ್ಣನೆಯ ಧೂಳು ಆಗಸಕ್ಕೇರಿ ಆಗ್ನೇಯ ದಿಕ್ಕಿನಲ್ಲಿ ದೂರ ಹೋಗಿ ಬಿದ್ದು, ಇಂದು ಮೆಕ್ಕೆಜೋಳ ಬೆಳೆಯುವ ಲೋಯೆಸ್ ಎಂಬ ಫಲವತ್ತಾದ ಮಣ್ಣಾಯಿತು. ದಿಬ್ಬಗಳ ನಾಡಿಗೆ ಉಳಿದದ್ದು ಒಂದೇ ಗಾತ್ರದ ಸಣ್ಣ ಮರಳು. ಜೇಡಿ ಇಲ್ಲವೆಂಬಷ್ಟು ಕಡಿಮೆ.

ಈ ಮಣ್ಣಿನ ಪ್ರಧಾನ ಜಾತಿಗೆ ಮೃತ್ತಿಕಾ ಶಾಸ್ತ್ರಜ್ಞರು ‘ವ್ಯಾಲೆಂಟೈನ್’ ಎಂದು ಹೆಸರಿಟ್ಟಿದ್ದಾರೆ. ಅದು ಅಲ್ಲಿನ ಒಂದು ಊರಿನ ಹೆಸರು. ಸಂತನಿಗೂ ಮಣ್ಣಿಗೂ ಸಂಬಂಧವಿಲ್ಲ. ಗುಂಡಿ ತೋಡಿ ನೋಡಿದರೆ ಮೇಲಿನ ಸುಮಾರು 5 ಅಂಗುಲ ಮಾತ್ರ ಬೂದುಗಂದು ಬಣ್ಣಕ್ಕೆ ತಿರುಗಿದೆ. ಕೆಳಗೆ ಇನ್ನೊಂದು ಗೇಣು ಇಳಿಯುವುದರೊಳಗೆ ಆ ಛಾಯೆಯೂ ಮಾಸಿ, ಮುಂದೆಲ್ಲ ಪೇಲವ ಬಣ್ಣದ ಬರಿಯ ಮರಳು. ವಿಜಾಪುರದ ಎರಿಹೊಲದಲ್ಲಿ ಮಾರುದ್ದ ತೋಡಿದರೂ ಕಪ್ಪು ಬಿಡದು. ಇಲ್ಲಿ ಮಣ್ಣು ಮಣ್ಣೆನಿಸಿಕೊಳ್ಳುವುದು ಅಂಗೈಯಗಲದ ಆಳಕ್ಕೆ. ಆ ತೆಳುಪದರದಲ್ಲಿಯೂ ಜೀವಾಂಶ ಹೆಚ್ಚೆಂದರೆ ನೂರಕ್ಕೆ ಒಂದರ ಆಸುಪಾಸು. ಕಣಗಳು ಒಂದಕ್ಕೊಂದು ಅಂಟುವುದಿಲ್ಲ. ಹಸಿಯಾಗಿದ್ದಾಗ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾದಂತೆ ತೋರಿ, ಒಣಗಿದೊಡನೆ ಉದುರಿಹೋಗುತ್ತದೆ.

ಇಂಥ ಬಡ ಮಣ್ಣು ಹುಲ್ಲುಗಾವಲಾದದ್ದು ಹೇಗೆಂಬುದೇ ವಿಚಾರಾರ್ಹವಾದ ಸಂಗತಿ. ಅಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 400ರಿಂದ 600 ಮಿಲಿಮೀಟರು, ಅಂದರೆ ಬಯಲುಸೀಮೆಯ ಮಳೆಯಂತೆಯೇ. ಎರಿಭೂಮಿಯ ಮೇಲೆ ಬಿರುಸಿನ ಮಳೆ ಬಿದ್ದರೆ ಒಂದಿಷ್ಟು ಹರಿದು ಹಳ್ಳ ಸೇರುತ್ತದೆ. ಇಂಗಿದ ನೀರಿನ ಒಂದು ಪಾಲು ಮೇಲ್ಪದರದಲ್ಲಿಯೇ ನಿಂತು ಬಿಸಿಲಿಗೆ ಆರಿಹೋಗುತ್ತದೆ. ಮರಳಿನಲ್ಲಿ ಹಾಗಲ್ಲ. ಗಂಟೆಗೆ 6 ಅಂಗುಲಕ್ಕೂ ಹೆಚ್ಚು ನೀರನ್ನು ಅದು ನುಂಗಬಲ್ಲುದು. ಆದಕಾರಣ ದಿಬ್ಬದ ಇಳಿಜಾರಿನಲ್ಲಿಯೂ ನೀರು ಹರಿಯುವುದೇ ಇಲ್ಲ. ಒಂದು ಅಡಿ ಆಳದ ಮರಳು ಗಿಡಕ್ಕಾಗಿ ಹಿಡಿದಿಡುವ ನೀರು ಒಂದು ಅಂಗುಲಕ್ಕೂ ಕಡಿಮೆ. ಇದು ಕೊರತೆಯೆಂಬುದು ನಿಜ. ಆದರೆ ಆ ಕಾರಣದಿಂದಲೇ ನೀರು ಆಳಕ್ಕೆ ಇಳಿಯುತ್ತದೆ. ಮೇಲಿನ ಮರಳು ಬೇಗ ಒಣಗಿ, ಕೆಳಗಿನ ತೇವಕ್ಕೆ ಹೊದಿಕೆಯಾಗಿ ನಿಲ್ಲುತ್ತದೆ. ಆಳಕ್ಕೆ ಬೇರು ಬಿಡುವ ಎತ್ತರದ ಹುಲ್ಲುಗಳು, ಮೂಡಣದ ಹೆಚ್ಚು ಮಳೆಯ ಸೀಮೆಯಲ್ಲಿರಬೇಕಾದಂಥವು, ಇಲ್ಲಿ ಪಡುವಣದವರೆಗೂ ಬೆಳೆಯುವುದರ ಗುಟ್ಟು ಇದೇ.

ಬೇರಿಗೆ ಸಿಗದೆ ತಪ್ಪಿಸಿಕೊಂಡ ನೀರು ಒಗಲಾಲಾ ಎಂಬ ವಿಶಾಲವಾದ ಅಂತರ್ಜಲ ಭಂಡಾರವನ್ನು ಸೇರುತ್ತದೆ. ದಿಬ್ಬಗಳ ನಡುವಣ ತಗ್ಗುಗಳಲ್ಲಿ ಆ ನೀರೇ ಕೆರೆಗಳಾಗಿ ಮೇಲೆದ್ದಿದೆ. ಲೂಪ್, ಡಿಸ್ಮಲ್ ಮುಂತಾದ ನದಿಗಳು ಮಳೆಗಿಂತ ಹೆಚ್ಚಾಗಿ ಈ ಒರತೆಯನ್ನೇ ನಂಬಿ ವರ್ಷವಿಡೀ ಏಕರೀತಿಯಲ್ಲಿ ಹರಿಯುತ್ತವೆ. ಮೇಲೆ ಚೆಲ್ಲಿದ್ದು ತಡೆಯಿಲ್ಲದೆ ಕೆಳಗಿಳಿಯುವುದೆಂಬ ಭಯದಿಂದಲೇ ಇಲ್ಲಿ ಹಾಯಬೇಕಿದ್ದ ಕೀಸ್ಟೋನ್ ತೈಲ ಕೊಳವೆಮಾರ್ಗಕ್ಕೆ 2011ರಲ್ಲಿ ತೀವ್ರ ವಿರೋಧ ಎದ್ದಿತು. ದಿಬ್ಬಗಳನ್ನು ತಪ್ಪಿಸುವ ಬೇರೆ ಹಾದಿಯನ್ನು ನೋಡುವಂತಾಯಿತು. 2021ರಲ್ಲಿ ಆ ಯೋಜನೆಯೇ ಕೈಬಿಟ್ಟುಹೋಯಿತು.

ಹುಲ್ಲನ್ನು ಕಂಡವರು ನೇಗಿಲನ್ನು ನೆನೆಯದಿರಲಾರರು. 1904ರ ಕಿಂಕೇಡ್ ಶಾಸನವು ಪಶ್ಚಿಮ ನೆಬ್ರಾಸ್ಕಾದಲ್ಲಿ ನೆಲಸಲು ಬಂದ ಪ್ರತಿಯೊಂದು ಕುಟುಂಬಕ್ಕೆ 640 ಎಕರೆ ಭೂಮಿಯನ್ನು ಕೊಡಮಾಡಿತು. ಹಳೆಯ ಕಾಯದೆಯ 160 ಎಕರೆಗೆ ಇದು ನಾಲ್ಮಡಿ. ಶಾಸನ ಮಾಡಿದವರು ಎಕರೆಗಳನ್ನು ಎಣಿಸಿದರೇ ಹೊರತು ಮಣ್ಣಿನ ಆಳವನ್ನು ಅಳೆಯಲಿಲ್ಲ. ಒಕ್ಕಲಿಗರು ದಿಬ್ಬಗಳನ್ನು ಉತ್ತರು. ಐದಂಗುಲದ ಮಣ್ಣು ಮಗುಚಿಬಿದ್ದಿತು. ಒಂದೆರಡು ಬೆಳೆ ಬಂದ ಮೇಲೆ ಗಾಳಿ ತನ್ನ ಉಸುಕನ್ನು ತಾನೇ ಕೇಳಿ ಪಡೆಯಿತು. ಬಹುಮಂದಿ ಹೊಲ ಮಾರಿ ಹೊರಟುಹೋದರು. ಭೂಮಿ ದನಗಾಹಿಗಳ ವಶವಾಯಿತು. 1970ರ ದಶಕದಲ್ಲಿ ತಿರುಗುತ್ತ ನೀರು ಸಿಂಪಡಿಸುವ ಯಂತ್ರಗಳೊಡನೆ ಉಳುಮೆ ಕೆಲವೆಡೆ ಮರಳಿ ಬಂತು. ಜೇಡಿಯಿಲ್ಲದ ಮಣ್ಣು ಗೊಬ್ಬರವನ್ನು ಹಿಡಿದಿಡಲಾರದು. ಹಾಕಿದ ಸಾರಜನಕ ನೀರಿನೊಡನೆ ಕೆಳಗಿಳಿದು ಅಂತರ್ಜಲವನ್ನು ಕೆಡಿಸುತ್ತದೆ.

ದಿಬ್ಬಗಳು ಸ್ಥಿರವಾಗಿ ನಿಂತದ್ದು ಬಹು ಹಿಂದಿನ ಮಾತೂ ಅಲ್ಲ. ಹೂತ ಕಣವೊಂದು ಕೊನೆಯ ಬಾರಿ ಬಿಸಿಲು ಕಂಡದ್ದು ಎಂದೆಂಬುದನ್ನು ಅಳೆಯುವ ವಿಧಾನದಿಂದ, ಸುಮಾರು 700ರಿಂದ 1,000 ವರ್ಷಗಳ ಹಿಂದಿನ ದೀರ್ಘ ಬರಗಾಲದಲ್ಲಿ ಇವು ಚಲಿಸುತ್ತಿದ್ದವೆಂದು ತಿಳಿದುಬಂದಿದೆ. ಇಂದೂ ದನಗಳು ನಡೆದ ಜಾಡಿನಲ್ಲಿ, ಬೇಲಿಯ ಮೂಲೆಯಲ್ಲಿ, ನೀರಿನ ತೊಟ್ಟಿಯ ಸುತ್ತ ಹುಲ್ಲು ಸವೆದರೆ ಅಲ್ಲಿ ಗಾಳಿ ಕುಳಿ ತೋಡುತ್ತದೆ. ಆದರೂ ಬೇರಿನ ಶಕ್ತಿ ಅಸಾಮಾನ್ಯವಾದುದು. ಈ ಶತಮಾನದ ಮೊದಲ ದಶಕದಲ್ಲಿ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಸಂಶೋಧಕರು ಕೆಲವು ತಾಕುಗಳ ಹುಲ್ಲನ್ನು ಔಷಧಿ ಸಿಂಪಡಿಸಿ ಕೊಂದು ನೋಡಿದರು. ಉಸುಕು ಕೂಡಲೇ ಹಾರಲಿಲ್ಲ. ಸತ್ತ ಬೇರುಗಳು ಕೊಳೆಯುವವರೆಗೆ ಹಿಡಿದೇ ಇದ್ದವು.

ಕುಳಿಯೆಂದರೆ ದನಗಾಹಿಗಳಿಗೆ ಹುಣ್ಣು ಕಂಡಂತೆ. ಬೇಲಿ ಹಾಕಿ ದನಗಳನ್ನು ದೂರವಿರಿಸಿ, ಒಣಹುಲ್ಲು, ಸಗಣಿ, ಹಳೆಯ ಟಾಯರುಗಳನ್ನು ಸಹ ಹರಡಿ, ತಲೆಮಾರುಗಳ ಶ್ರಮದಿಂದ ಅವರು ಕುಳಿಗಳನ್ನು ಮಾಯಿಸಿದ್ದಾರೆ. ಆದರೆ ಇಂಥ ಬೋಳು ಕುಳಿಗಳಲ್ಲಿ ಮಾತ್ರ ಬದುಕುವ, ನಸುನೀಲಿ ಹೂವಿನ ಪೆನ್‌ಸ್ಟೆಮನ್ ಜಾತಿಯ ಗಿಡವೊಂದಿದೆ. ಕುಳಿಗಳು ಮಾಯುತ್ತ ಬಂದಂತೆ ಅದೂ ಕ್ಷೀಣಿಸಿ, 1940ರ ವೇಳೆಗೆ ಅಳಿದೇಹೋಯಿತೆಂದು ಭಾವಿಸಲಾಗಿತ್ತು. 1968ರಲ್ಲಿ ಮತ್ತೆ ಕಣ್ಣಿಗೆ ಬಿದ್ದಿತು. 1987ರಲ್ಲಿ ಅಳಿವಿನ ಅಂಚಿನ ಸಸ್ಯಗಳ ಪಟ್ಟಿಗೆ ಸೇರಿತು. ಆ ಬಳಿಕ, ಬೇರೆಡೆ ಬೆಳೆಸಿದ ಅದರ ಸಸಿಗಳನ್ನು ತಂದು, ಮಾಯದೆ ಉಳಿದಿರುವ ಕುಳಿಗಳನ್ನು ಹುಡುಕಿ ನೆಡಲಾಗಿದೆ.