ಓಡುವವರ ಕಣಕಾಲ ನೋವು: ಬರೀ ಬಾವೋ, ಎಲುಬಿನ ಬಿರುಕೋ?

ಪೊಲೀಸ್ ಭರ್ತಿ ಅಥವಾ ಸೈನ್ಯದ ಭರ್ತಿಯ ಜಾಹೀರಾತು ಬಂತೆಂದರೆ ಉಮರ್ಗಾ, ನಿಲಂಗಾ, ಉದಗೀರದ ಸುತ್ತಲಿನ ನಮ್ಮ ಹಳ್ಳಿಗಳಲ್ಲಿ ಬೆಳಕು ಹರಿಯುವ ಮೊದಲೇ ಡಾಂಬರು ರಸ್ತೆಯ ಮೇಲೆ ಹುಡುಗರ ಓಟ ಶುರುವಾಗುತ್ತದೆ. ಈಗೀಗ ಹುಡುಗಿಯರೂ ಓಡುತ್ತಾರೆ. ಅದು ಸಂತೋಷದ ಮಾತು. ಮಹಾರಾಷ್ಟ್ರ ಪೊಲೀಸ್ ಶಿಪಾಯಿ ಭರ್ತಿಯಲ್ಲಿ ಗಂಡಸರಿಗೆ 1600 ಮೀಟರ್, ಹೆಂಗಸರಿಗೆ 800 ಮೀಟರ್ ಓಟ. ಜೊತೆಗೆ 100 ಮೀಟರ್ ಓಟ ಮತ್ತು ಗುಂಡು ಎಸೆತ. ಕೆಲವೇ ಸೆಕೆಂಡು ತಡವಾದರೂ ಅಂಕ ಕೈಬಿಡುತ್ತವೆ. ಹೀಗಾಗಿ ನಿನ್ನೆಯವರೆಗೆ ಓಡಿ ಗೊತ್ತಿಲ್ಲದ ಹುಡುಗ ಮೊದಲ ವಾರದಲ್ಲೇ ದಿನಾಲೂ ಐದಾರು ಕಿಲೋಮೀಟರ್ ಓಡುತ್ತಾನೆ. ಮೂರನೆಯ ವಾರದ ಹೊತ್ತಿಗೆ ಕಣಕಾಲು ನೋಯತೊಡಗುತ್ತದೆ.

ಈ ನೋವಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದಕ್ಕೆ ವೈದ್ಯರು ಶಿನ್ ಸ್ಪ್ಲಿಂಟ್ಸ್ ಎನ್ನುತ್ತಾರೆ. ಕಣಕಾಲ ಎಲುಬಿನ ಒಳಅಂಚಿಗೆ ಪದೇ ಪದೇ ಭಾರ ಬಿದ್ದು, ಎಲುಬಿನ ಮೇಲಿನ ಪೊರೆ ನೊಂದು ಬರುವ ನೋವು ಇದು. ಇನ್ನೊಂದು ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಬೀಳದೆ, ಪೆಟ್ಟು ತಿನ್ನದೆ, ಬರೀ ಓಟದ ಭಾರಕ್ಕೇ ಎಲುಬಿನಲ್ಲಿ ಬೀಳುವ ಕೂದಲೆಳೆಯಂಥ ಬಿರುಕು. ಮೊದಲನೆಯದನ್ನು ಓಟ ಕಡಿಮೆ ಮಾಡಿ ಗುಣಪಡಿಸಬಹುದು. ಎರಡನೆಯದರ ಮೇಲೆ ಓಡುತ್ತ ಹೋದರೆ ಒಂದು ದಿನ ಎಲುಬು ಪೂರ್ತಿ ಮುರಿಯಬಹುದು. ಆದ್ದರಿಂದಲೇ ಇವೆರಡನ್ನು ಬೇರೆ ಮಾಡಿ ತಿಳಿಯುವುದು ಅಗತ್ಯ.

ಗಟ್ಟಿ ಎಲುಬು ಸುಮ್ಮನೆ ಏಕೆ ಬಿರಿಯುತ್ತದೆ ಎಂದು ಯಾರಾದರೂ ಕೇಳಬಹುದು. ಎಲುಬು ಕಲ್ಲಲ್ಲ, ಜೀವವಿರುವ ವಸ್ತು. ಹೊಸ ಭಾರ ಬಿದ್ದಾಗ ಅದು ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆ. ಹಳೆಯ ಗೋಡೆಯ ಸಡಿಲ ಕಲ್ಲು ಕಿತ್ತು ಹೊಸದನ್ನು ಕೂಡಿಸುವ ಹಾಗೆ, ದಣಿದ ಭಾಗವನ್ನು ಮೊದಲು ತೆಗೆದು ಆಮೇಲೆ ಹೊಸದನ್ನು ಕಟ್ಟುತ್ತದೆ. ತೆಗೆಯುವ ಕೆಲಸ ಬೇಗ ಆಗುತ್ತದೆ, ಕಟ್ಟುವ ಕೆಲಸಕ್ಕೆ ತಿಂಗಳುಗಳು ಬೇಕು. ಓಟ ಶುರುಮಾಡಿದ ಕೆಲವು ವಾರಗಳ ಮೇಲೆ, ಕಲ್ಲು ಕಿತ್ತು ಇನ್ನೂ ಕೂಡಿಸದ ಆ ನಡುವಿನ ಕಾಲದಲ್ಲಿ, ಎಲುಬು ಮೊದಲಿಗಿಂತ ದುರ್ಬಲವಾಗಿರುತ್ತದೆ. ಉಸಿರು ಪಳಗಿ ವೇಗ ಹೆಚ್ಚುವುದೂ ಅದೇ ಹೊತ್ತಿಗೆ. ಹುಡುಗ ಹುರುಪಿನಿಂದ ಇನ್ನಷ್ಟು ಓಡುತ್ತಾನೆ. ಹೊಸ ಸೈನಿಕರ ಪಾದದಲ್ಲಿ ಇಂಥ ನೋವು-ಬಾವು ಬರುವುದನ್ನು ಪ್ರಷ್ಯಾ ದೇಶದ ಸೈನ್ಯದ ವೈದ್ಯ ಬ್ರೈಟ್‌ಹೌಪ್ಟ್ 1855ರಲ್ಲೇ ಬರೆದಿಟ್ಟಿದ್ದ. ಆಗಿನ್ನೂ ಎಕ್ಸ್-ರೇ ಇರಲಿಲ್ಲ. ಅದು ಬಂದದ್ದು 1895ರಲ್ಲಿ. ಒಳಗೆ ಎಲುಬು ಬಿರಿದಿದೆ ಎಂಬುದು ಖಚಿತವಾದದ್ದು ಎಕ್ಸ್-ರೇ ಬಂದ ಮೇಲೆಯೇ.

ಈಗ ಗುರುತುಗಳನ್ನು ನೋಡೋಣ. ನೆಲದ ಮೇಲೆ ಕುಳಿತು, ಕಣಕಾಲ ಒಳಅಂಚನ್ನು ಮೊಣಕಾಲಿನಿಂದ ಕೆಳಗೆ ಹರಡಿನವರೆಗೆ ಒಂದೇ ಬೆರಳಿನಿಂದ ಒತ್ತುತ್ತ ಬನ್ನಿ. ಕೆಳಗಿನ ಅರ್ಧದಲ್ಲಿ 5 ಸೆಂಟಿಮೀಟರಿಗೂ ಹೆಚ್ಚು, ಅಂದರೆ ಸುಮಾರು ಮೂರು ಬೆರಳಿನ ಅಗಲಕ್ಕೂ ಮೀರಿ, ಉದ್ದಕ್ಕೆ ನೋವು ಹರಡಿದ್ದರೆ ಅದು ಬಹುತೇಕ ಶಿನ್ ಸ್ಪ್ಲಿಂಟ್ಸ್. ‘ಇಲ್ಲೇ, ಇದೇ ಜಾಗ’ ಎಂದು ಬೆರಳ ತುದಿಯಷ್ಟು ಒಂದೇ ಕಡೆ ಜೀವ ಹೋಗುವಂತೆ ನೋಯುತ್ತಿದ್ದರೆ, ಅಲ್ಲಿ ತುಸು ಬಾವೂ ಇದ್ದರೆ, ಬಿರುಕಿನ ಸಂಶಯ ಪಡಬೇಕು.

ನೋವು ಬರುವ ಹೊತ್ತನ್ನೂ ಗಮನಿಸಬೇಕು. ನಮ್ಮ ಅಭಿಪ್ರಾಯದಲ್ಲಿ ಮನೆಯಲ್ಲಿ ತಿಳಿಯಲು ಇದಕ್ಕಿಂತ ಸುಲಭದ ಗುರುತಿಲ್ಲ. ಶಿನ್ ಸ್ಪ್ಲಿಂಟ್ಸ್ ನೋವು ಓಟದ ಆರಂಭದಲ್ಲಿ ಕಾಡಿ, ಮೈ ಬಿಸಿಯಾದಂತೆ ಸಡಿಲವಾಗಿ, ನಿಂತ ಮೇಲೆ ಮತ್ತೆ ಬಂದು, ವಿಶ್ರಾಂತಿಗೆ ಇಳಿಯುತ್ತದೆ. ಬಿರುಕಿನ ನೋವು ಹೀಗೆ ಸಡಿಲವಾಗುವುದಿಲ್ಲ. ಓಡಿದಷ್ಟೂ ಏರುತ್ತದೆ. ಮೊದಲು ಎರಡನೆಯ ಕಿಲೋಮೀಟರಿಗೆ ಬರುತ್ತಿದ್ದದ್ದು ಆಮೇಲೆ ಮೊದಲ ಹೆಜ್ಜೆಗೇ ಬರುತ್ತದೆ. ಬರಬರುತ್ತ ನಡೆದರೂ ನೋವು, ರಾತ್ರಿ ಮಲಗಿದರೂ ನೋವು. ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಅದೇ ಜಾಗದಲ್ಲಿ ಚಳಕು ಬರುತ್ತದೆ. ಆದರೆ ನಡೆದರೇ ನೋಯುವವರು ಈ ಕುಪ್ಪಳಿಸುವ ಪರೀಕ್ಷೆಗೆ ಹೋಗಬಾರದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನೋವು ಶುರುವಾದ ಮೊದಲ ಎರಡು-ಮೂರು ವಾರ ಎಕ್ಸ್-ರೇಯಲ್ಲಿ ಬಿರುಕು ಸಾಮಾನ್ಯವಾಗಿ ಕಾಣುವುದಿಲ್ಲ. ಎಲುಬು ಕೂಡತೊಡಗಿ ಅಲ್ಲಿ ಹೊಸ ಎಲುಬು ಬೆಳೆದಾಗಲೇ ಗುರುತು ಕಾಣುವುದು. ‘ಫೋಟೋದಾಗ ಏನೂ ಇಲ್ಲ’ ಎಂದು ಮರುದಿನವೇ ಮೈದಾನಕ್ಕೆ ಇಳಿಯುವ ಹುಡುಗ ಬಿರಿದ ಎಲುಬಿನ ಮೇಲೆಯೇ ಓಡುತ್ತಿರಬಹುದು. ಒಂದೇ ಜಾಗದ ನೋವು ಇದ್ದವರು ಎಕ್ಸ್-ರೇ ಸ್ವಚ್ಛವಿದ್ದರೂ ಓಟ ನಿಲ್ಲಿಸಿ, ಎರಡು ವಾರ ಬಿಟ್ಟು ಮತ್ತೆ ತೆಗೆಸಬೇಕು. ಬೇಗ ತಿಳಿಯಬೇಕಾದರೆ ಎಂ.ಆರ್.ಐ. ಬೇಕು. ಅದಕ್ಕೆ ಲಾತೂರ, ಸೋಲಾಪುರ, ಬೀದರ ಅಥವಾ ಕಲಬುರಗಿಯ ಎಲುಬಿನ ವೈದ್ಯರ ಹತ್ತಿರ ಹೋಗಬೇಕಾದೀತು. ಕಣಕಾಲ ಒಳಅಂಚಿನಲ್ಲಿ ಅಲ್ಲದೆ ಎದುರು ಅಂಚಿನ ನಡುಮಧ್ಯದಲ್ಲಿ ಒಂದೇ ಕಡೆ ನೋಯುತ್ತಿದ್ದರೆ ತಡಮಾಡಬೇಡಿ. ಅಲ್ಲಿಯ ಬಿರುಕು ಬೇಗ ಕೂಡುವುದಿಲ್ಲ. ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ.

ಶಿನ್ ಸ್ಪ್ಲಿಂಟ್ಸ್ ಆದವರು ಓಟವನ್ನು ಅರ್ಧಕ್ಕಿಂತ ಕಡಿಮೆ ಮಾಡಲಿ. ನೋವು ಜೋರಿದ್ದರೆ ಒಂದೆರಡು ವಾರ ಬಿಡಲಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ ಇಡುವುದು, ಮೀನಖಂಡವನ್ನು ಎಳೆದು ಸಡಿಲಿಸುವುದು, ಸವೆದ ಬೂಟು ಬದಲಿಸುವುದು ಅನುಕೂಲ. ಹೆದ್ದಾರಿಯ ಇಳಿಜಾರು ಅಂಚಿಗಿಂತ ಶಾಲೆಯ ಸಮತಟ್ಟು ಮೈದಾನ ಮೇಲು. ಬಿರಿದ ಒಣ ಎರೆಹೊಲದಲ್ಲಿ ಮಾತ್ರ ಓಡಬೇಡಿ, ಹರಡು ಉಳುಕುತ್ತದೆ. ಬಿರುಕಾದವರಿಗೆ ಆರರಿಂದ ಎಂಟು ವಾರ ಓಟವೇ ಇಲ್ಲ, ಕೆಲವರಿಗೆ ಇನ್ನೂ ಹೆಚ್ಚು. ನಡೆದರೆ ನೋಯುವುದಾದರೆ ಊರುಗೋಲು ಹಿಡಿಯಬೇಕು. ಅಂಥ ಕಾಲನ್ನು ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸಬಾರದು. ಸೈಕಲ್ ತುಳಿದರೆ ನೋಯದಿದ್ದವರು ವೈದ್ಯರನ್ನು ಕೇಳಿ ಸೈಕಲ್ ತುಳಿದು ದಮ್ಮು ಉಳಿಸಿಕೊಳ್ಳಬಹುದು.

ಭರ್ತಿಗೆ ಎಂಟೇ ದಿನ ಉಳಿದಿದೆ, ನೋವಿನ ಗುಳಿಗೆಯನ್ನೋ ಇಂಜೆಕ್ಷನ್ನನ್ನೋ ತೆಗೆದುಕೊಂಡು ಓಡಲೇ ಎಂದು ಕೇಳುವವರಿದ್ದಾರೆ. ವಯಸ್ಸು ಮೀರುತ್ತಿರುವ ಹುಡುಗನ ಸಂಕಟ ನಮಗೆ ಅರ್ಥವಾಗುತ್ತದೆ. ಆದರೂ ಬಿರುಕಿನ ಸಂಶಯವಿದ್ದರೆ ಬೇಡ ಎಂದೇ ಹೇಳುತ್ತೇವೆ. ಗುಳಿಗೆ ನೋವನ್ನು ಮುಚ್ಚುತ್ತದೆಯೇ ಹೊರತು ಎಲುಬನ್ನು ಕೂಡಿಸುವುದಿಲ್ಲ. ಈ ಸಲದ ಓಟ ಹೋದರೆ ಮುಂದಿನ ಭರ್ತಿ ಇದ್ದೀತು. ಕಾಲು ಮುರಿದರೆ ಅದೂ ಕೈತಪ್ಪುತ್ತದೆ.

ಹುಡುಗಿಯರ ತಾಯಂದಿರಿಗೆ ಒಂದು ಮಾತು. ಓಟ ಹೆಚ್ಚಿ ಊಟ ಹೆಚ್ಚದಿದ್ದರೆ ಮುಟ್ಟು ನಿಲ್ಲಬಹುದು, ಅದರ ಹಿಂದೆಯೇ ಎಲುಬೂ ಸವೆಯುತ್ತದೆ. ಓಡುವ ಮಗಳಿಗೆ ಮೂರು ತಿಂಗಳಿಂದ ಮುಟ್ಟು ಬಂದಿಲ್ಲವೆಂದರೆ ಸಂಕೋಚಪಡದೆ ವೈದ್ಯರಿಗೆ ತೋರಿಸಿ. ಅಣ್ಣ-ತಮ್ಮಂದಿರಿಗೆ ಬಡಿಸುವಷ್ಟೇ ಜೋಳದ ರೊಟ್ಟಿ, ತೊಗರಿಬೇಳೆ, ಹಾಲು-ಮೊಸರು, ಎಳ್ಳಿನ ಹಿಂಡಿಯನ್ನು ಅವಳಿಗೂ ಬಡಿಸಿ.

ನೋವಿಲ್ಲದೆ ಅರ್ಧ ಗಂಟೆ ಬಿರುಸಾಗಿ ನಡೆಯಲು ಬಂದ ಮೇಲೆಯೇ ಓಟಕ್ಕೆ ಮರಳಬೇಕು. ಮೊದಲು ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಒಂದು ದಿನ ಬಿಟ್ಟು ಒಂದು ದಿನ. ಆ ಹಳೆಯ ಜಾಗ ಮತ್ತೆ ನೋಯತೊಡಗಿದರೆ ಅಂದಿನ ಓಟ ಅಲ್ಲಿಗೇ ನಿಲ್ಲಿಸಿ, ನಡೆದುಕೊಂಡು ಮನೆಗೆ ಬನ್ನಿ.